ಕೀವುಗಟ್ಟಿದ ಕಾಲುಮುರಿತ: ಕೂಡದ ಮೂಳೆಯನ್ನು ಕೂಡಿಸುವ ಬಗೆ

ಅಡಿಕೆ ಮರದಿಂದ ಜಾರಿ ಬೀಳುವುದು, ಮರಗಸಿಯ ವೇಳೆ ಕೊಂಬೆ ಕಾಲಿನ ಮೇಲುರುಳುವುದು, ಜೀಪು ಮಗುಚುವುದು ತೋಟದ ಬದುಕಿನಲ್ಲಿ ಹೊಸತಲ್ಲ. ಮುರಿದ ಕಾಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ವರ್ಷ ಕಳೆದರೂ ಕೂಡದೆ ಕೀವು ಸೋರುತ್ತಿರುತ್ತದೆ. ಅಂಥವರು ಕಾಲು ಕತ್ತರಿಸುವುದೇ ಗತಿಯೆಂದು ಕೈಚೆಲ್ಲಬೇಕಾಗಿಲ್ಲ.

ಕಾರಣವೇನು?

ಮೊಣಕಾಲ ಕೆಳಗಿನ ದಪ್ಪ ಮೂಳೆಗೆ ಮುಂಭಾಗದಲ್ಲಿ ಚರ್ಮವಷ್ಟೇ ಹೊದಿಕೆ. ಮುರಿದಾಗ ಅದು ಸುಲಭವಾಗಿ ಹೊರಬಂದು ಮಣ್ಣು, ರೋಗಾಣು ಸೇರುತ್ತವೆ. ರಕ್ತ ಹರಿಯದ ಮೂಳೆಯ ಚೂರು ಸತ್ತು ಒಳಗೇ ಉಳಿಯುತ್ತದೆ. ರಕ್ತ ತಲುಪದಲ್ಲಿಗೆ ಔಷಧಿಯೂ ತಲುಪದು. ಬೋರರ್ ಹೊಕ್ಕ ಕಾಫಿ ಕಾಂಡಕ್ಕೆ ಹೊರಗಿನಿಂದ ಔಷಧಿ ಹೊಡೆದಂತೆಯೇ ಬರಿಯ ಮಾತ್ರೆಯ ಕಥೆ.

ಶಸ್ತ್ರಚಿಕಿತ್ಸೆಯ ಕ್ರಮ

ಮೊದಲು ಸತ್ತ ಮೂಳೆಯನ್ನೂ ಸಡಿಲವಾದ ಹಳೆಯ ಪ್ಲೇಟು, ಸ್ಕ್ರೂಗಳನ್ನೂ ತೆಗೆದು, ರಕ್ತ ಜಿನುಗುವ ಜೀವಂತ ಮೂಳೆ ಸಿಗುವವರೆಗೆ ಶುಚಿಮಾಡುತ್ತಾರೆ. ಒಳಗಿನ ಮಾದರಿಯನ್ನು ಪರೀಕ್ಷಿಸಿ, ಅದಕ್ಕೊಪ್ಪುವ ಆಂಟಿಬಯಾಟಿಕ್ಕನ್ನು ಸಾಮಾನ್ಯವಾಗಿ ವಾರಗಟ್ಟಲೆ ಕೊಡುತ್ತಾರೆ.

ಉಳಿದ ಅಂತರವನ್ನು ತುಂಬುವ ಒಂದು ವಿಧಾನವನ್ನು ಸೈಬೀರಿಯಾದ ಕುರ್ಗಾನಿನ ವೈದ್ಯ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದರು. ಕಾಲಿನ ಸುತ್ತ ಲೋಹದ ಬಳೆಗಳನ್ನಿಟ್ಟು ತಂತಿಗಳಿಂದ ಮೂಳೆಗೆ ಬಿಗಿಯುತ್ತಾರೆ. ಆರೋಗ್ಯವಾಗಿರುವ ಕಡೆ ಮೂಳೆಯನ್ನು ಕತ್ತರಿಸಿ, ಸುಮಾರು ಒಂದು ವಾರದ ನಂತರ ಆ ತುಂಡನ್ನು ದಿನಕ್ಕೆ 1 ಮಿಲಿಮೀಟರಿನಂತೆ, ನಾಲ್ಕು ಕಂತಿನಲ್ಲಿ ಸರಿಸುತ್ತಾರೆ. ಅದರ ಹಿಂದೆ ಹೊಸ ಮೂಳೆ ಬೆಳೆಯುತ್ತದೆ. 5 ಸೆಂಟಿಮೀಟರ್ ಸರಿಸಲು ಸುಮಾರು 50 ದಿನ. ಅದು ಗಟ್ಟಿಯಾಗಲು ಮತ್ತೆ ಹಲವು ತಿಂಗಳು. ಎಲ್ಲರಿಗೂ ಇದೇ ವಿಧಾನವಲ್ಲ. ಕೆಲವೊಮ್ಮೆ ಜೀವ ಉಳಿಸಲು ಕಾಲು ತೆಗೆಯಲೇಬೇಕಾಗುತ್ತದೆ.

ಬೆಳೆಗಾರರು ಗಮನಿಸಬೇಕಾದದ್ದು

1. ಗಾಯವಾಗಿ ಮೂಳೆ ಮುರಿದರೆ ಶುದ್ಧ ಬಟ್ಟೆ ಮುಚ್ಚಿ, ಕಾಲು ಅಲುಗದಂತೆ ಕಟ್ಟಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಸೊಪ್ಪಿನ ರಸ ಹಚ್ಚಿ ಬಿಗಿಯಾಗಿ ಪಟ್ಟು ಕಟ್ಟಿಸಬೇಡಿ.

2. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡೆಯುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ.

3. ತಂತಿ ಹೊಕ್ಕ ಜಾಗವನ್ನು ವೈದ್ಯರು ಹೇಳಿದಂತೆ ಶುಚಿಯಾಗಿಡಬೇಕು. ಕೊಯ್ಲು ಬಂತೆಂದು ಬಳೆಯನ್ನು ನಡುವೆ ಬಿಚ್ಚಿಸಿದರೆ ತಿಂಗಳುಗಳ ಶ್ರಮ ವ್ಯರ್ಥ. ತೋಟಕ್ಕೆ ಬದಲಿ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ.

4. ಸಿರುಗುಪ್ಪ, ಕುರುಗೋಡು ಕಡೆಯ ಕೆಲಸಗಾರರು ಗಾಯಗೊಂಡು ಊರಿಗೆ ಮರಳಿದರೆ ಚಿಕಿತ್ಸೆ ನಿಲ್ಲಬಾರದು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, 1961ರಲ್ಲಿ ಆರಂಭವಾಗಿ ವಿಮ್ಸ್ ಎಂದು ಹೆಸರಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂಳೆ ವಿಭಾಗವಿದೆ. ಎಕ್ಸ್‌ರೇ, ಚೀಟಿಗಳನ್ನೆಲ್ಲ ಅವರ ಕೈಗೆ ಕೊಟ್ಟು ಕಳಿಸಿರಿ.

5. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದಿದೆ. ನಿಮಗೆ ಬೇಕಾದ ಚಿಕಿತ್ಸೆ ಅದರ ಪಟ್ಟಿಯಲ್ಲಿದೆಯೇ ಎಂದು ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿರಿ.

ಆರರಿಂದ ಒಂಬತ್ತು ತಿಂಗಳಾದರೂ ಕೂಡದ, ಕೀವು ನಿಲ್ಲದ ಕಾಲನ್ನು ಇನ್ನಷ್ಟು ಕಾದು ನೋಡುವುದು ಬೇಡ. ಮೂಳೆ ತಜ್ಞರನ್ನು ಕಾಣಿರಿ.