ಮುರುಗಲ ಹಣ್ಣಿನ ತಣ್ಣನೆಯ ಸಾರು

ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನ ತೋಟದ ಅಂಚುಗಳಲ್ಲಿ, ಹಳ್ಳದ ದಂಡೆಗಳಲ್ಲಿ, ಸೊಪ್ಪಿನ ಬೆಟ್ಟಗಳಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಉಪಯುಕ್ತ ಮರಗಳಲ್ಲಿ ಮುರುಗಲು ಒಂದು. ಇದನ್ನು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಪುನರ್ಪುಳಿ ಎಂದೂ, ಕೊಂಕಣಿ ಮಾತನಾಡುವ ಮನೆಗಳಲ್ಲಿ ಬಿರಿಂಡ ಎಂದೂ, ಪೇಟೆಯಲ್ಲಿ ಕೋಕಂ ಎಂದೂ ಕರೆಯುತ್ತಾರೆ. ಇದರ ಶಾಸ್ತ್ರೀಯ ಹೆಸರು ಗಾರ್ಸಿನಿಯಾ ಇಂಡಿಕಾ. ಈ ಹಣ್ಣಿನ ಸಿಪ್ಪೆಯಿಂದ ಮಾಡುವ ಸಾರನ್ನು ಅನ್ನಕ್ಕೆ ಕಲಸಿ ಉಣ್ಣುವುದುಂಟು, ಊಟದ ಕೊನೆಗೆ ಲೋಟದಲ್ಲಿ ಕುಡಿಯುವುದೂ ಉಂಟು. ಬೇಸಿಗೆಯಲ್ಲಿ ತಣ್ಣಗೆ ಮಾಡಿದ ಸಾರು ದಣಿದು ಬಂದವರಿಗೆ ಬಹಳ ಹಿತವಾಗಿರುತ್ತದೆ.

ಹಣ್ಣು ಏಪ್ರಿಲ್‌ನಿಂದ ಜೂನ್‌ವರೆಗೆ ಹಂತ ಹಂತವಾಗಿ ಮಾಗುತ್ತದೆ. ಮುಂಗಾರು ಮಳೆ ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಕರಾವಳಿಯನ್ನು ಮುಟ್ಟುತ್ತದೆ. ಆದ್ದರಿಂದ ತಡವಾಗಿ ಮಾಗಿದ ಹಣ್ಣಿನ ಸಿಪ್ಪೆಯನ್ನು ಒಣಗಿಸಲು ಬಿಸಿಲು ಸಿಗುವುದಿಲ್ಲ. ಒಣಗಿಸಲು ಹಾಕಿದ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ, ಉಳಿದ ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಹಣ್ಣನ್ನು ಒಣಗಿಸುವುದೊಂದೇ ದಾರಿ ಎಂದು ತಿಳಿದಿರುವುದೇ ಈ ನಷ್ಟಕ್ಕೆ ಮುಖ್ಯ ಕಾರಣ. ಬಿಸಿಲಿರುವಾಗ ಒಣಸಿಪ್ಪೆ, ಮೋಡ ಕವಿದ ಮೇಲೆ ಉಪ್ಪುರಸ ಅಥವಾ ಸಕ್ಕರೆ ಪಾಕ ಎಂದು ಕೆಲಸವನ್ನು ಹಂಚಿಕೊಂಡರೆ ಹಣ್ಣು ವ್ಯರ್ಥವಾಗುವುದಿಲ್ಲ, ಮನೆಮಂದಿಗೆ ವರ್ಷವಿಡೀ ಸಾರಿಗೂ ಕೊರತೆಯಾಗುವುದಿಲ್ಲ.

ಹಣ್ಣಿನ ಗುಣಗಳು

ಮಾಗಿದ ಹಣ್ಣು ನಿಂಬೆಹಣ್ಣಿನಷ್ಟು ಗಾತ್ರವಿದ್ದು ಕಡುಗೆಂಪು ಬಣ್ಣಕ್ಕೆ ತಿರುಗುತ್ತದೆ. ಒಳಗೆ ಬಿಳಿಯ ತಿರುಳಿನಿಂದ ಸುತ್ತಿದ 5ರಿಂದ 8 ಬೀಜಗಳಿರುತ್ತವೆ. ಸಾರಿಗೆ ಬೇಕಾದ ಹುಳಿ ಮತ್ತು ಬಣ್ಣ ಎರಡೂ ಹೊರಸಿಪ್ಪೆಯಲ್ಲಿವೆ. ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ಈ ಬಣ್ಣ ಹುಳಿಯಲ್ಲಿ ಕೆಂಪಾಗಿ ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿದರೆ, ಬಿಸಿಲಿಗೆ ಇಟ್ಟರೆ ಮಾಸುತ್ತದೆ; ಅಡಿಗೆ ಸೋಡಾ ತಗಲಿದರೆ ಕೆಡುತ್ತದೆ. ಸಾರು ಕಂದು ಬಣ್ಣಕ್ಕೆ ತಿರುಗಿತೆಂದರೆ ಬಹುಪಾಲು ಅದು ಅತಿಯಾಗಿ ಕುದಿಸಿದ ಫಲ.

ಪಾತ್ರೆ ಮತ್ತು ನೀರು

ಮುರುಗಲ ರಸ ಬಲು ಹುಳಿಯಾದುದರಿಂದ ಲೋಹವನ್ನು ತಿನ್ನುತ್ತದೆ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ತಾಮ್ರ ಮತ್ತು ಹಿತ್ತಾಳೆ ಪಾತ್ರೆಗಳನ್ನು ಬಳಸಬಾರದು. ಸ್ಟೀಲ್, ಗಾಜು ಅಥವಾ ಪಿಂಗಾಣಿ ಪಾತ್ರೆ ಉತ್ತಮ.

ಬಿಸಿ ಸಾರು ಬಡಿಸುವ ಮೊದಲು ಒಲೆಯ ಮೇಲೆ ಕುದಿಯುತ್ತದೆ. ತಣ್ಣನೆಯ ಸಾರು ಹಾಗಲ್ಲ. ತಣ್ಣಗಾದ ಮೇಲೆ ಅದಕ್ಕೆ ಸೇರುವ ನೀರು, ಮಂಜುಗಡ್ಡೆ, ಸೌಟು ಯಾವುದರಲ್ಲಿ ಕೊಳೆಯಿದ್ದರೂ ಅದು ನೇರವಾಗಿ ಹೊಟ್ಟೆ ಸೇರುತ್ತದೆ. ಬೇಸಿಗೆಯ ಕೊನೆಗೆ ಬಾವಿಯ ನೀರು ತಳ ಕಾಣುವಾಗ ಮತ್ತು ಮೊದಲ ಮಳೆಯ ಕೊಚ್ಚೆ ಬಾವಿಗೆ ಇಳಿಯುವಾಗ ವಾಂತಿಭೇದಿ ಹರಡುವ ಭಯ ಹೆಚ್ಚು. ಹಣ್ಣು ಮಾಗುವುದೂ ಅದೇ ದಿನಗಳಲ್ಲಿ. ಹುಳಿಯಿದೆ, ಕ್ರಿಮಿಗಳು ಸಾಯುತ್ತವೆ ಎಂದು ನಂಬಿ ಕೂರುವುದು ಸರಿಯಲ್ಲ. ಸಾರಿಗೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಪೇಟೆಯಿಂದ ತಂದ ಮಂಜುಗಡ್ಡೆಯನ್ನು ಸಾರಿನೊಳಗೆ ಹಾಕದೆ ಪಾತ್ರೆಯ ಹೊರಗೆ ಇಡಬೇಕು.

ಬೇಕಾಗುವ ಸಾಮಗ್ರಿ (5 ಜನರಿಗೆ)

ತಾಜಾ ಹಣ್ಣು 8ರಿಂದ 10, ಇಲ್ಲವೆ ಒಣಸಿಪ್ಪೆ 10ರಿಂದ 12 ಚೂರು
ನೀರು 1 ಲೀಟರ್
ಬೆಲ್ಲದ ಪುಡಿ 2 ದೊಡ್ಡ ಚಮಚ
ಉಪ್ಪು 1 ಸಣ್ಣ ಚಮಚ
ಹಸಿಮೆಣಸಿನಕಾಯಿ 1
ಜೀರಿಗೆ ಪುಡಿ ಅರ್ಧ ಸಣ್ಣ ಚಮಚ
ಒಗ್ಗರಣೆಗೆ ತುಪ್ಪ ಅಥವಾ ಕೊಬ್ಬರಿ ಎಣ್ಣೆ 1 ಸಣ್ಣ ಚಮಚ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು

ಹುಳಿ ಮರದಿಂದ ಮರಕ್ಕೆ ಬದಲಾಗುತ್ತದೆ. ಆದ್ದರಿಂದ ಮೊದಲ ಸಲ ಮಾಡುವಾಗ ರುಚಿ ನೋಡಿ ಬೆಲ್ಲ ಹಾಗೂ ನೀರನ್ನು ಹೊಂದಿಸಿಕೊಳ್ಳಬೇಕು.

ಮಾಡುವ ವಿಧಾನ

ಪೂರ್ತಿ ಕೆಂಪಾದ, ಗಟ್ಟಿಯಾದ, ಕೊಳೆತ ಕಲೆಗಳಿಲ್ಲದ ಹಣ್ಣುಗಳನ್ನು ಆರಿಸಿ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಹಣ್ಣನ್ನು ಇಬ್ಭಾಗ ಮಾಡಿ ಬೀಜ ಮತ್ತು ತಿರುಳನ್ನು ಬೇರೆ ತೆಗೆದಿಡಬೇಕು. ನೀರನ್ನು ಬೆಲ್ಲದೊಡನೆ ಚೆನ್ನಾಗಿ ಕುದಿಸಿ, ಬೆಲ್ಲದಲ್ಲಿರುವ ಕಸ ಹೋಗುವಂತೆ ಬಟ್ಟೆಯಲ್ಲಿ ಸೋಸಿ, ಬಿಸಿಯಿರುವಾಗಲೇ ಸಿಪ್ಪೆಯನ್ನು ಹಾಕಿ ಮುಚ್ಚಿಡಬೇಕು. ಬೆಲ್ಲದ ಬದಲು ಸಕ್ಕರೆ ಬಳಸಿದರೆ ಕೆಂಪು ಬಣ್ಣ ಇನ್ನೂ ತಿಳಿಯಾಗಿ ಕಾಣುತ್ತದೆ. ತಾಜಾ ಸಿಪ್ಪೆಯಾದರೆ ಅರ್ಧ ಗಂಟೆ, ಒಣಸಿಪ್ಪೆಯಾದರೆ ಒಂದು ಗಂಟೆ ನೆನೆಯಬೇಕು. ನಂತರ ತೊಳೆದ ಕೈಯಿಂದ ಸಿಪ್ಪೆಯನ್ನು ಕಿವುಚಿ ಸೋಸಬೇಕು.

ಸೋಸಿದ ರಸಕ್ಕೆ ಉಪ್ಪು, ಸೀಳಿದ ಹಸಿಮೆಣಸು, ಜೀರಿಗೆ ಪುಡಿ ಸೇರಿಸಿ ಒಂದು ಕುದಿ ಬಂದ ಕೂಡಲೇ ಇಳಿಸಬೇಕು. ಕಿವುಚುವಾಗ ಸೇರಿರಬಹುದಾದ ಕ್ರಿಮಿಗಳು ಈ ಕುದಿಯಿಂದ ನಾಶವಾಗುತ್ತವೆ, ಬಣ್ಣವೂ ಅಷ್ಟಾಗಿ ಕೆಡುವುದಿಲ್ಲ. ತಣ್ಣಗಾದ ಸಾರಿನಲ್ಲಿ ಸಿಹಿ ನಾಲಿಗೆಗೆ ಕಡಿಮೆ ಎನಿಸುವುದರಿಂದ ಬಿಸಿಯಿರುವಾಗ ಸಿಹಿ ತುಸು ಮುಂದಿರಲಿ.

ಒಗ್ಗರಣೆಯನ್ನು ಬಡಿಸುವ ಹೊತ್ತಿಗೆ ಹಾಕುವುದು ಒಳ್ಳೆಯದು. ಮೊದಲೇ ಹಾಕಿ ಸಾರನ್ನು ತಣ್ಣಗೆ ಮಾಡಿದರೆ ತುಪ್ಪವಾಗಲಿ ಕೊಬ್ಬರಿ ಎಣ್ಣೆಯಾಗಲಿ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ.

ತಣ್ಣಗೆ ಮಾಡುವ ಬಗೆ

ಸಾರಿನ ಪಾತ್ರೆಯನ್ನು ಮುಚ್ಚಿ, ಅಗಲ ಬಾಯಿಯ ಬೋಗುಣಿಯಲ್ಲಿ ತಣ್ಣೀರು ತುಂಬಿ ಅದರೊಳಗೆ ಇಡಬೇಕು. ಹೊರಗಿನ ನೀರು ಬೆಚ್ಚಗಾದಂತೆ ಎರಡು ಮೂರು ಬಾರಿ ಬದಲಿಸಬೇಕು. ಆಮೇಲೆ ನೀರು ಹಾಕಿದ ಮಣ್ಣಿನ ಗುಡಾಣದೊಳಗೆ ಪಾತ್ರೆಯನ್ನಿಟ್ಟು ಮೇಲೆ ಒದ್ದೆ ಬಟ್ಟೆ ಹೊದಿಸಬೇಕು. ಸಾರನ್ನು ನೇರವಾಗಿ ಮಡಕೆಗೆ ಸುರಿಯಬಾರದು. ಮಡಕೆಯ ಸಣ್ಣ ರಂಧ್ರಗಳಿಗೆ ಇಳಿದ ಸಾರನ್ನು ತೊಳೆದು ತೆಗೆಯುವುದು ಕಷ್ಟ. ಮಣ್ಣಿನ ಪಾತ್ರೆ ತಂಪಾಗುವುದು ಅದರ ಮೈಯಿಂದ ನೀರು ಆವಿಯಾಗುವುದರಿಂದ. ಆದ್ದರಿಂದ ಒಣಗಾಳಿಯ ಬಯಲುಸೀಮೆಯಲ್ಲಿ ಅದು ಚೆನ್ನಾಗಿ ತಂಪು ನೀಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿಯಲ್ಲಿ ಅಷ್ಟು ತಂಪು ಸಿಗದು. ಅಲ್ಲಿ ಹೊರಗಿನ ನೀರನ್ನು ಬದಲಿಸುತ್ತಿರುವುದೇ ಹೆಚ್ಚು ಫಲಕಾರಿ.

ಹೀಗೆ ಇಟ್ಟ ಸಾರನ್ನು ಅದೇ ದಿನ ಮುಗಿಸಬೇಕು. ರೆಫ್ರಿಜರೇಟರ್ ಇದ್ದರೆ ಮುಚ್ಚಿಟ್ಟು ಎರಡು ದಿನ ಬಳಸಬಹುದು. ನೊರೆ, ಹುಳಿತ ವಾಸನೆ ಅಥವಾ ಮೇಲೆ ಬಿಳಿ ಪೊರೆ ಕಂಡರೆ ಚೆಲ್ಲಬೇಕು.

ಕಾಯಿಹಾಲಿನ ಕಢಿ

ಕೊಂಕಣ ತೀರದಲ್ಲಿ ಮೇಲಿನ ತಿಳಿಸಾರಿಗೆ ಬದಲಾಗಿ ತೆಂಗಿನಕಾಯಿ ಹಾಲು ಬೆರೆಸಿದ ಸೋಲ್ ಕಢಿ ಹೆಚ್ಚು ಬಳಕೆಯಲ್ಲಿದೆ. ಒಂದು ತೆಂಗಿನಕಾಯಿ ತುರಿಯನ್ನು ಹಸಿಮೆಣಸು ಮತ್ತು ಎರಡು ಎಸಳು ಬೆಳ್ಳುಳ್ಳಿಯೊಡನೆ ರುಬ್ಬಿ, ಕುದಿಸಿ ಆರಿಸಿದ ನೀರಿನಲ್ಲಿ ಹಾಲು ಹಿಂಡಿ, ಆರಿದ ಮುರುಗಲ ರಸ ಹಾಗೂ ಉಪ್ಪು ಸೇರಿಸಿದರೆ ಗುಲಾಬಿ ಬಣ್ಣದ ಕಢಿ ಸಿದ್ಧ. ಇದನ್ನು ಒಲೆಯ ಮೇಲೆ ಇಡಬಾರದು. ಹುಳಿ ಮತ್ತು ಬಿಸಿಗೆ ಕಾಯಿಹಾಲು ಒಡೆಯುತ್ತದೆ. ಕಾಯಿಹಾಲು ಬೇಗ ಕೆಡುವ ವಸ್ತುವಾದುದರಿಂದ ಊಟದ ಹೊತ್ತಿಗೆ ಮಾಡಿ ಎರಡು ಗಂಟೆಯೊಳಗೆ ಮುಗಿಸಬೇಕು. ಹೊಲಕ್ಕೆ ಬುತ್ತಿ ಒಯ್ಯುವವರಿಗೆ ಕಢಿಗಿಂತ ತಿಳಿಸಾರೇ ಸುರಕ್ಷಿತ.

ಮಳೆಗೆ ಮುನ್ನ, ಮಳೆ ಬಂದ ಮೇಲೆ

ಒಣಸಿಪ್ಪೆ: ತಾಜಾ ಸಿಪ್ಪೆಯಲ್ಲಿ ಶೇಕಡಾ 80ರಷ್ಟು ನೀರಿರುತ್ತದೆ. ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳ ಕೊಯ್ಲನ್ನು ಮಾತ್ರ ಒಣಗಿಸಲು ಇಟ್ಟುಕೊಳ್ಳಬೇಕು. ನೆಲದ ಮೇಲೆ ಹರಡದೆ ಅಟ್ಟಣಿಗೆಯ ಮೇಲೆ ಚಾಪೆ ಹಾಸಿ ಒಂದೇ ಪದರವಾಗಿ ಹರಡಬೇಕು. ಸಂಜೆ ಒಳಗೆ ತರಬೇಕು. ಚೆನ್ನಾಗಿ ಒಣಗಿದ ಸಿಪ್ಪೆ ಬಗ್ಗುತ್ತದೆ, ಆದರೆ ಹಿಂಡಿದರೆ ಕೈಗೆ ಒದ್ದೆ ತಗಲುವುದಿಲ್ಲ. ಇದನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬೇಕು.

ಉಪ್ಪುರಸ: ಬಿಸಿಲು ಇಲ್ಲದ ದಿನಗಳಿಗೆ ಇದು ಅತಿ ಸುಲಭದ ದಾರಿ. 1 ಕಿಲೋ ಹಸಿ ಸಿಪ್ಪೆಗೆ 150ರಿಂದ 200 ಗ್ರಾಂ ಉಪ್ಪು ಬೆರೆಸಿ ಗಾಜು ಅಥವಾ ಪಿಂಗಾಣಿ ಭರಣಿಯಲ್ಲಿಟ್ಟು, ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಿರುವಬೇಕು. ಒಂದು ವಾರದಲ್ಲಿ ಬಿಟ್ಟ ರಸವನ್ನು ಸೋಸಿ, ಕುದಿಸಿ ಒಣಗಿಸಿದ ಬಾಟಲಿಗಳಲ್ಲಿ ತುಂಬಬೇಕು. ಒಂದೆರಡು ಚಮಚ ರಸ ಒಂದು ಲೋಟ ಸಾರಿಗೆ ಸಾಕು. ಹೀಗೆ ಮಾಡಿದ ಸಾರಿಗೆ ಬೇರೆ ಉಪ್ಪು ಬೇಕಾಗುವುದಿಲ್ಲ.

ಸಕ್ಕರೆ ಪಾಕ: 1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆಯಂತೆ ಭರಣಿಯಲ್ಲಿ ಪದರ ಪದರವಾಗಿ ತುಂಬಿ, ದಿನವೂ ತಿರುವುತ್ತ ಒಂದು ವಾರ ಬಿಟ್ಟರೆ ಕೆಂಪು ಪಾಕ ಸಿದ್ಧವಾಗುತ್ತದೆ. ಒಂದು ಭಾಗ ಪಾಕಕ್ಕೆ 5 ಭಾಗ ತಣ್ಣೀರು ಬೆರೆಸಿ ಪಾನಕ ಮಾಡಬಹುದು. ಮಾರಾಟಕ್ಕಾಗಿ ಮಾಡುವವರು ಸಂರಕ್ಷಕ ಸೇರಿಸಬೇಕಾದಲ್ಲಿ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬಳಸಬಾರದು. ಅದು ಕೆಂಪು ಬಣ್ಣವನ್ನು ಬಿಳಿಚಿಸುತ್ತದೆ. ಈ ಕಾರಣಕ್ಕೆ ಸೋಡಿಯಂ ಬೆಂಜೋಯೇಟ್ ಬಳಸುವುದು ರೂಢಿ. ಅದರ ಪ್ರಮಾಣವನ್ನು ಆಹಾರ ಸಂಸ್ಕರಣೆಯ ತಜ್ಞರಿಂದ ತಿಳಿದುಕೊಂಡೇ ಹಾಕಬೇಕು. ಮಾರಾಟಕ್ಕೆ ಆಹಾರ ಸುರಕ್ಷತಾ ನೋಂದಣಿಯೂ ಅಗತ್ಯ.

ಬೀಜವನ್ನು ಎಸೆಯಬಾರದು. ತೊಳೆದು ಒಣಗಿಸಿದ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದಾಗ ಗಟ್ಟಿಯಾಗುವ ಈ ಮುರುಗಲು ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ಹಳೆಯ ರೂಢಿ. ಸೌಂದರ್ಯ ಸಾಧನಗಳ ತಯಾರಿಕೆಯಲ್ಲಿಯೂ ಇದಕ್ಕೆ ಬೇಡಿಕೆಯಿದೆ.

ಕೆಲವು ಎಚ್ಚರಿಕೆಗಳು

ಮುರುಗಲು ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರಕ್ಕೆ ಗಟ್ಟಿಯಾದ ಆಧಾರವಿಲ್ಲ. ಸಾರು ಆಹಾರವೇ ಹೊರತು ಔಷಧಿಯಲ್ಲ. ಹೊಟ್ಟೆಯಲ್ಲಿ ಹುಣ್ಣು ಅಥವಾ ಎದೆಯುರಿ ಇರುವವರು ಮಿತವಾಗಿ ಬಳಸಬೇಕು. ರಕ್ತದ ಒತ್ತಡ ಇರುವವರು ಉಪ್ಪುರಸವನ್ನೂ, ಸಕ್ಕರೆ ಕಾಯಿಲೆ ಇರುವವರು ಪಾಕವನ್ನೂ ದೂರವಿಡುವುದು ಲೇಸು. ವಾಂತಿಭೇದಿಯಾದ ಮಕ್ಕಳಿಗೆ ಸಾರು ಕುಡಿಸುತ್ತ ಕಾಲ ಕಳೆಯದೆ, ಜೀವಜಲದ ಪೊಟ್ಟಣದ ದ್ರಾವಣ ಕೊಟ್ಟು ವೈದ್ಯರಿಗೆ ತೋರಿಸಬೇಕು.

ಗಿಡ ನೆಡುವವರಿಗೆ

ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬೆಳೆದ ಗಿಡ ಗಂಡೋ ಹೆಣ್ಣೋ ಎಂಬುದು ಹಲವು ವರ್ಷ ಕಳೆದು ಹೂ ಬಿಟ್ಟಾಗಲೇ ತಿಳಿಯುತ್ತದೆ. ಅಷ್ಟು ಕಾಲ ಸಾಕಿದ ಮೇಲೆ ಗಂಡು ಮರವೆಂದು ಗೊತ್ತಾದರೆ ಶ್ರಮ ವ್ಯರ್ಥ. ಒಳ್ಳೆಯ ಹೆಣ್ಣು ಮರದ ಕುಡಿಯಿಂದ ಮಾಡಿದ ಕಸಿ ಗಿಡ ನೆಟ್ಟರೆ ಈ ಅನುಮಾನವಿಲ್ಲ, ಫಲವೂ ಬೇಗ. ಪರಾಗಸ್ಪರ್ಶಕ್ಕಾಗಿ ಹತ್ತಿರದಲ್ಲಿ ಒಂದೆರಡು ಗಂಡು ಮರ ಇರುವಂತೆ ನೋಡಿಕೊಳ್ಳಬೇಕು. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿದ್ಯಾಪೀಠ ಬಿಡುಗಡೆ ಮಾಡಿದ ಕೊಂಕಣ ಅಮೃತಾ ಈ ಬೆಳೆಯ ಹೆಸರಾದ ತಳಿ. ಆದರೆ ತಮ್ಮ ಬೆಟ್ಟದಲ್ಲಿಯೇ ಮಳೆಗೆ ಮುನ್ನ ಪೂರ್ತಿ ಮಾಗುವ, ದಪ್ಪ ಸಿಪ್ಪೆಯ ಮರವೊಂದಿದ್ದರೆ ಅದನ್ನು ಗುರುತಿಸಿ ಕಸಿ ಮಾಡಿಸಿಕೊಳ್ಳುವುದು ಅಷ್ಟೇ ಲಾಭದಾಯಕ.

ವಿಸ್ತರಣಾ ಕಾರ್ಯಕರ್ತರು ಮತ್ತು ಮಹಿಳಾ ಸಂಘದವರು ಏಪ್ರಿಲ್ ತಿಂಗಳಲ್ಲಿಯೇ ಊರಿನ ಹೆಣ್ಣು ಮರಗಳನ್ನು ಪಟ್ಟಿ ಮಾಡಿ, ಉಪ್ಪುರಸ ಹಾಗೂ ಪಾಕ ಮಾಡುವ ವಿಧಾನವನ್ನು ಒಂದು ಮನೆಯಲ್ಲಿ ಮಾಡಿ ತೋರಿಸಿದರೆ, ಜೂನ್ ತಿಂಗಳ ಹಣ್ಣು ಮಣ್ಣುಪಾಲಾಗುವುದು ತಪ್ಪುತ್ತದೆ. ಭರಣಿ, ಉಪ್ಪು, ಸಕ್ಕರೆಗಳನ್ನು ಮೋಡ ಕಾಣುವ ಮೊದಲೇ ಮನೆಗೆ ತಂದಿಟ್ಟುಕೊಳ್ಳುವುದು ಜಾಣತನ.