ಹತ್ತು ಚೀಲದ ಗಾಡಿಗೆ ದೊಡ್ಡ ಎಂಜಿನ್: ಲಾಭವೋ, ನಷ್ಟವೋ?

ನಮ್ಮ ಭಾಗದಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ಮುಕ್ಕಾಲು ಟನ್ ಹೊರುವ ಸಣ್ಣ ಸರಕು ಗಾಡಿಗೆ ಹತ್ತು ಚೀಲಗಳೇ ಮಿತಿ. ಆದರೆ ಕಂಪ್ಲಿಯಿಂದ ಹೊಸಪೇಟೆಗೆ ಬಾಡಿಗೆ ಕೇಳುವ ವ್ಯಾಪಾರಸ್ಥನ ಮನಸ್ಸಿನಲ್ಲಿರುವುದು ಇಪ್ಪತ್ತು ಚೀಲ. ಗಾಡಿಯ ಮಾಲೀಕನೂ ಒಂದು ಸುತ್ತಿನ ಡೀಸೆಲ್ ಉಳಿಯಿತೆಂದು ಒಪ್ಪಿಕೊಳ್ಳುತ್ತಾನೆ. ಏರು ಬಂದಾಗ ಗಾಡಿ ಏದುಸಿರು ಬಿಡುತ್ತದೆ. ಆಗ ಯಾರಾದರೊಬ್ಬರು ಸಲಹೆ ನೀಡುತ್ತಾರೆ: "ಗುಜರಿಯಲ್ಲಿ ಒಳ್ಳೆಯ ದೊಡ್ಡ ಎಂಜಿನ್ ಸಿಗುತ್ತದೆ, ಕೂರಿಸಿಬಿಡಿ."

ಈ ಸಲಹೆ ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಹೊಸ ಗಾಡಿಯ ಕಂತಿಗಿಂತ ಹಳೆಯ ಎಂಜಿನ್ನಿನ ಬೆಲೆ ಕಡಿಮೆ. ಕೆಲಸ ಬಲ್ಲ ಮೇಸ್ತ್ರಿಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಆದರೂ ಈ ಮಾರ್ಪಾಡಿನ ಪೂರ್ತಿ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡುವುದು ಅವಶ್ಯ. ವರ್ತಕ ಬಾಂಧವರಿಗೂ ಗ್ಯಾರೇಜು ನಡೆಸುವ ಸಣ್ಣ ಉದ್ಯಮಿಗಳಿಗೂ ಆ ಲೆಕ್ಕವನ್ನು ಒದಗಿಸುವುದೇ ಈ ಲೇಖನದ ಉದ್ದೇಶ.

ಬೇಡಿಕೆ ಹುಟ್ಟಿದ ಬಗೆ

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಸಣ್ಣ ವ್ಯಾಪಾರಸ್ಥನ ಕೈಗೆಟುಕುವ ನಾಲ್ಕು ಚಕ್ರದ ಸರಕು ಗಾಡಿಯೊಂದು ದೊರೆತಂತಾಯಿತು. ಅದರ ಎಂಜಿನ್ ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್, ಶಕ್ತಿ 16 ಅಶ್ವಶಕ್ತಿ, ಹೊರೆಯ ಮಿತಿ 750 ಕಿಲೋ. ಮೂರು ಚಕ್ರದ ಗಾಡಿಗೂ ಲಾರಿಗೂ ನಡುವೆ ಇದ್ದ ತೆರವನ್ನು ಅದು ತುಂಬಿತು.

ನಮ್ಮ ಸೀಮೆಯ ಭೂಗೋಳವೇ ಇಂತಹ ಗಾಡಿಯನ್ನು ಬೇಡುವಂಥದು. ಹೊಸಪೇಟೆಯ ಪೇಟೆಬೀದಿಗಳು ಇಕ್ಕಟ್ಟಿನವು. ಹಂಪಿಯ ಪರಿಸರದಲ್ಲಿ ಹಳೆಯ ಕೋಟೆಬಾಗಿಲುಗಳೂ ಕಿರಿದಾದ ದಾರಿಗಳೂ ಇವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ತಾಣದಲ್ಲಿ ಭಾರಿ ವಾಹನಗಳ ಓಡಾಟ ಸಹಜವಾಗಿಯೇ ಆಕ್ಷೇಪಕ್ಕೆ ಗುರಿಯಾಗುತ್ತದೆ. ಅಲ್ಲಿನ ಹೋಟೆಲು, ಅಂಗಡಿಗಳಿಗೆ ಸರಕು ಮುಟ್ಟಿಸಲು ಸಣ್ಣ ಗಾಡಿಯೇ ಅನುಕೂಲ. ಆದರೆ ಅದೇ ಗಾಡಿಯನ್ನು ಮರುದಿನ ಕಂಪ್ಲಿಯ ಭತ್ತಕ್ಕೋ ಬಾಳೆಗೋ ಕರೆಯುತ್ತಾರೆ. ಅದರ ಮರುದಿನ ಗುಡ್ಡಸಾಲುಗಳ ನಡುವಿನ ಸಂಡೂರಿಗೆ ಕಬ್ಬಿಣದ ಸಾಮಾನು, ಯಂತ್ರದ ಬಿಡಿಭಾಗಗಳನ್ನು ಹೇರಿಕೊಂಡು ಏರಬೇಕಾಗುತ್ತದೆ. ಮೈ ಹಂಪಿಯ ಬಾಗಿಲಿಗೆ ಹೊಂದುವಷ್ಟು ಚಿಕ್ಕದಿರಬೇಕು, ಶಕ್ತಿ ಸಂಡೂರಿನ ಏರಿಗೆ ಸಾಲುವಷ್ಟು ದೊಡ್ಡದಿರಬೇಕು: ಮಾಲೀಕನ ಈ ಆಸೆಯಿಂದಲೇ ಎಂಜಿನ್ ಬದಲಾವಣೆಯ ಯೋಚನೆ ಹುಟ್ಟುತ್ತದೆ.

ಇದಕ್ಕೆ ಹಿಂದಿನ ನೆನಪಿನ ಬೆಂಬಲವೂ ಇದೆ. ಪೆಟ್ರೋಲಿನ ಅಂಬಾಸಿಡರ್ ಕಾರಿಗೂ ಜೀಪಿಗೂ ಡೀಸೆಲ್ ಎಂಜಿನ್ ಕೂರಿಸಿ ವರ್ಷಗಟ್ಟಲೆ ಓಡಿಸಿದವರನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ಅಂದು ನಡೆದದ್ದು ಇಂದೇಕೆ ನಡೆಯಬಾರದು ಎಂಬ ಪ್ರಶ್ನೆಗೆ ಯಂತ್ರಶಾಸ್ತ್ರವೂ ಕಾನೂನೂ ಬೇರೆ ಬೇರೆಯಾಗಿ ಉತ್ತರ ಕೊಡುತ್ತವೆ.

ಏರಿನ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಚಾಲಕನೂ ಸೇರಿ ಖಾಲಿ ಗಾಡಿಯ ತೂಕ 850 ಕಿಲೋ ಎಂದಿಟ್ಟುಕೊಳ್ಳೋಣ. ಹತ್ತು ಚೀಲ ಹೇರಿದರೆ ಒಟ್ಟು 1,600 ಕಿಲೋ. ನೂರು ಅಡಿಗೆ ಐದು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಾಗಲು, ಟೈರಿನ ಘರ್ಷಣೆಯನ್ನೂ ಗೇರುಪೆಟ್ಟಿಗೆಯಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ, ಸುಮಾರು 13.6 ಅಶ್ವಶಕ್ತಿ ಬೇಕು. 16 ಅಶ್ವಶಕ್ತಿಯ ಎಂಜಿನ್ನಿಗೆ ಇದು ಸಾಧ್ಯವಾದ ಕೆಲಸ. ಅಂದರೆ ತಯಾರಕರು ನಿಗದಿಪಡಿಸಿದ ಹೊರೆಗೆ ತಯಾರಕರು ಕೊಟ್ಟ ಎಂಜಿನ್ ಸಾಲುತ್ತದೆ.

ಈಗ ಇಪ್ಪತ್ತು ಚೀಲ ಹೇರಿ ನೋಡೋಣ. ಒಟ್ಟು ತೂಕ 2,350 ಕಿಲೋ. ಅದೇ ಏರು, ಅದೇ ವೇಗಕ್ಕೆ ಬೇಕಾಗುವುದು ಸುಮಾರು 20 ಅಶ್ವಶಕ್ತಿ. ಎಂಜಿನ್ ಸೋಲುತ್ತದೆ, ವೇಗ ಗಂಟೆಗೆ 24 ಕಿಲೋಮೀಟರಿಗೆ ಇಳಿಯುತ್ತದೆ. ಒಂದು ಕಿಲೋಮೀಟರ್ ಏರಿಗೆ ಎರಡು ನಿಮಿಷದ ಬದಲು ಎರಡೂವರೆ ನಿಮಿಷ ಹಿಡಿಯುತ್ತದೆ. ಇಷ್ಟು ತೂಕ ಹೇರಿದ ಮೇಲೂ ಈ ಏರಿನಲ್ಲಿ ದೊಡ್ಡ ಎಂಜಿನ್ ಮಿಗಿಸಿಕೊಡುವುದು ಕಿಲೋಮೀಟರಿಗೆ ಅರ್ಧ ನಿಮಿಷ ಮಾತ್ರ. ಹೊಸಪೇಟೆ–ಸಂಡೂರು ಮಾರ್ಗದಲ್ಲಿ ಇಂತಹ ಏರು ನಾಲ್ಕೈದು ಕಿಲೋಮೀಟರ್ ಇದೆ ಎಂದುಕೊಂಡರೂ ಉಳಿಯುವುದು ಎರಡೂವರೆ ನಿಮಿಷ.

ಇಳಿಜಾರಿನ ಲೆಕ್ಕ

ಏರಿದ ಗಾಡಿ ಇಳಿಯಲೇಬೇಕು. ಏರಿಸುವುದು ಎಂಜಿನ್, ಇಳಿಜಾರಿನಲ್ಲಿ ನಿಲ್ಲಿಸುವುದು ಬ್ರೇಕು. ಎಂಜಿನ್ ಬದಲಿಸಿದ ಮಾತ್ರಕ್ಕೆ ಬ್ರೇಕಿನ ಡ್ರಮ್ಮುಗಳು ದೊಡ್ಡವಾಗುವುದಿಲ್ಲ.

ಚಲಿಸುವ ಗಾಡಿಯನ್ನು ನಿಲ್ಲಿಸುವಾಗ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿಯು ತೂಕದೊಂದಿಗೆ ನೇರವಾಗಿಯೂ ವೇಗದ ವರ್ಗದೊಂದಿಗೂ ಏರುತ್ತದೆ. 1,600 ಕಿಲೋ ತೂಕದ ಗಾಡಿ 50 ಕಿಲೋಮೀಟರ್ ವೇಗದಲ್ಲಿದ್ದಾಗ ಬ್ರೇಕಿಗೆ ಬೀಳುವ ಹೊರೆಗೆ ಹೋಲಿಸಿದರೆ, 2,350 ಕಿಲೋ ತೂಕದ ಗಾಡಿ 60 ಕಿಲೋಮೀಟರ್ ವೇಗದಲ್ಲಿದ್ದಾಗ ಬೀಳುವ ಹೊರೆ ಎರಡು ಪಟ್ಟಿಗೂ ಹೆಚ್ಚು. ಗೇರಿನಲ್ಲಿ ಇಳಿಸಿದರೆ ಎಂಜಿನ್ನಿನ ತಡೆ ಸ್ವಲ್ಪ ನೆರವಾಗುವುದು ನಿಜ. ಆದರೆ ಎದುರಿಗೆ ಎಮ್ಮೆಯೋ ಶಾಲೆಯ ಮಗುವೋ ಅಡ್ಡ ಬಂದ ಕ್ಷಣದಲ್ಲಿ ಕೆಲಸ ಮಾಡಬೇಕಾದದ್ದು ಬ್ರೇಕು. ಕಾದ ಡ್ರಮ್ಮು ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ಘಟ್ಟದ ದಾರಿಯಲ್ಲಿ ಓಡಿಸಿದ ಪ್ರತಿಯೊಬ್ಬ ಚಾಲಕನ ಅನುಭವ.

ಇನ್ನುಳಿದ ಭಾಗಗಳ ಗತಿಯೂ ಇದೇ. ಚಿಕ್ಕ ಎಂಜಿನ್ನಿನ ತಿರುಚುಬಲ ನಲವತ್ತು ನ್ಯೂಟನ್-ಮೀಟರಿನ ಆಸುಪಾಸು. 1.4 ಲೀಟರಿನ ಟರ್ಬೊ ಡೀಸೆಲ್ಲಿನದು ಅದರ ಮೂರು ಪಟ್ಟಿಗೂ ಮಿಗಿಲು. ಕ್ಲಚ್ ಪ್ಲೇಟು, ಗೇರುಪೆಟ್ಟಿಗೆ, ಪ್ರೊಪೆಲ್ಲರ್ ಶಾಫ್ಟು, ಹಿಂಬದಿಯ ಕ್ರೌನ್ ಮತ್ತು ಪಿನಿಯನ್ ಇವೆಲ್ಲವೂ ಚಿಕ್ಕ ಬಲಕ್ಕೆ ಲೆಕ್ಕ ಹಾಕಿ ಮಾಡಿದವು. ಮೊದಲು ಕ್ಲಚ್ ಜಾರುತ್ತದೆ. ಅದನ್ನು ಬಲಪಡಿಸಿದರೆ ಗೇರಿನ ಹಲ್ಲು ಹೋಗುತ್ತದೆ. ಗೇರುಪೆಟ್ಟಿಗೆ ಬದಲಿಸಿದರೆ ಎಕ್ಸೆಲ್ ಮುರಿಯುತ್ತದೆ. ಡೀಸೆಲ್ ಎಂಜಿನ್ ಚಕ್ರಕ್ಕೆ ಕೊಡುವಷ್ಟೇ ಶಕ್ತಿಯನ್ನು ಹೆಚ್ಚುಕಡಿಮೆ ರೇಡಿಯೇಟರಿನ ಮೂಲಕವೂ ಹೊರಹಾಕುವುದರಿಂದ ಹಳೆಯ ರೇಡಿಯೇಟರು ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸಾಲದು. ದೊಡ್ಡ ಎಂಜಿನ್ನಿನ ಹೆಚ್ಚುವರಿ ತೂಕವನ್ನು ಮುಂದಿನ ಸ್ಪ್ರಿಂಗು ಮತ್ತು ಸ್ಟಿಯರಿಂಗ್ ಹೊರಬೇಕು. ಒಂದು ರೂಪಾಯಿಯ ಉಳಿತಾಯಕ್ಕೆ ಹೊರಟವನ ಬಳಿ ಕೊನೆಗೆ ಗಾಡಿಯ ಒಂದೊಂದು ಭಾಗವೂ ಸಾಲ ಕೇಳಲು ನಿಲ್ಲುತ್ತದೆ.

ತಯಾರಕರೇ ಕಲಿಸಿದ ಪಾಠ

ದೊಡ್ಡ ಎಂಜಿನ್ನಿನ ಸಣ್ಣ ಗಾಡಿಯನ್ನು ತಯಾರಕರೇ ಮಾಡಿದರೆ ಹೇಗಿರುತ್ತದೆ? ಅದಕ್ಕೂ ನಿದರ್ಶನವಿದೆ. 2009ರಲ್ಲಿ ಬಂದ ಸೂಪರ್ ಏಸ್ ಗಾಡಿಗೆ 1,405 ಸಿ.ಸಿ. ಟರ್ಬೊ ಡೀಸೆಲ್ ಎಂಜಿನ್ ಇತ್ತು. ಶಕ್ತಿ ಸುಮಾರು 70 ಅಶ್ವಶಕ್ತಿ. ಮೊದಲ ಏಸಿಗಿಂತ ಎಂಜಿನ್ನಿನ ಗಾತ್ರ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟಿಗೂ ಹೆಚ್ಚು. ಹೊರೆಯ ಮಿತಿ ಮಾತ್ರ ಒಂದು ಟನ್. ಚಾಸಿಯಿಂದ ಹಿಡಿದು ಬ್ರೇಕಿನವರೆಗೆ ಗಾಡಿಯನ್ನೇ ದೊಡ್ಡದಾಗಿ ರೂಪಿಸಿದ ಮೇಲೂ ಕಾರ್ಖಾನೆಯ ಎಂಜಿನಿಯರುಗಳು ಹೆಚ್ಚಿಗೆ ಒಪ್ಪಿಕೊಂಡದ್ದು 250 ಕಿಲೋ, ಅಂದರೆ ಮೂರು ಚೀಲಕ್ಕಿಂತ ತುಸು ಹೆಚ್ಚು. ಎಂಜಿನ್ನಿನ ಶಕ್ತಿಯೂ ಗಾಡಿಯ ಹೊರುವ ಸಾಮರ್ಥ್ಯವೂ ಬೇರೆ ಬೇರೆ ಸಂಗತಿಗಳೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

ಕಾನೂನಿನ ನಿಲುವು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮೊದಲಿಗೆ ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಮಾರ್ಪಾಡು ಮಾಡಿಕೊಳ್ಳಲು ಅವಕಾಶ ನೀಡಿತ್ತು. 2000ದ ತಿದ್ದುಪಡಿಯಿಂದ ಆ ಬಾಗಿಲು ಮುಚ್ಚಿತು. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂಬುದು ಈಗಿನ ನಿಯಮ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ತೀರ್ಪು ನೀಡುತ್ತಾ ಇದೇ ಅರ್ಥವನ್ನು ಎತ್ತಿಹಿಡಿಯಿತು.

ಅದೇ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದ 182ಎ ಕಲಮಿನ ಪ್ರಕಾರ ನಿಯಮಬಾಹಿರ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮಿತಿ ಮೀರಿದ ಹೊರೆಗೆ 194ನೇ ಕಲಮು ಹೇಳುವ ದಂಡ 20,000 ರೂಪಾಯಿ. ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಹೆಚ್ಚಿನ ಸರಕನ್ನು ಇಳಿಸುವ ಖರ್ಚೂ ಮಾಲೀಕನ ಮೇಲೆಯೇ. ಕಂತು ಖರೀದಿ ಕರಾರಿನಲ್ಲಿರುವ ಗಾಡಿಯನ್ನು ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟುವಂತೆಯೇ ಇಲ್ಲ.

ಸರಕು ಗಾಡಿಯು ಯೋಗ್ಯತಾ ಪತ್ರದ ನವೀಕರಣಕ್ಕಾಗಿ ತಪಾಸಣೆಗೆ ಹೋಗಲೇಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿವರ್ಷ. ಕೆಎ 35 ಎಂಬ ಫಲಕ ಹೊತ್ತ ಗಾಡಿಯ ಎಂಜಿನ್ ಸಂಖ್ಯೆ ನೋಂದಣಿ ಪತ್ರಕ್ಕೆ ತಾಳೆಯಾಗದಿದ್ದರೆ ಅಲ್ಲಿಗೆ ದುಡಿಮೆ ನಿಂತಂತೆ. ಇದಕ್ಕಿಂತ ದೊಡ್ಡ ಅಪಾಯ ವಿಮೆಯದು. ಪಾಲಿಸಿ ಬರೆದಿರುವುದು 702 ಸಿ.ಸಿ. ಗಾಡಿಗೆ. ಅಪಘಾತವಾದಾಗ ಬೇರೆ ಎಂಜಿನ್ ಕಂಡುಬಂದರೆ ಸ್ವಂತ ಗಾಡಿಯ ಪರಿಹಾರ ಕೈತಪ್ಪಬಹುದು. ಗಾಯಗೊಂಡ ಮೂರನೆಯವರಿಗೆ ಕೊಟ್ಟ ಹಣವನ್ನೂ ಮಾಲೀಕನಿಂದಲೇ ವಸೂಲು ಮಾಡಲು ವಿಮಾ ಕಂಪನಿ ಮುಂದಾಗಬಹುದು. ಒಂದು ದುರ್ಘಟನೆ ಅಂಗಡಿ, ಮನೆ ಎರಡನ್ನೂ ಒತ್ತೆಯಿಡುವ ಸ್ಥಿತಿಗೆ ತರಬಲ್ಲದು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲನೆಯದಾಗಿ, ಗಾಡಿ ಎಳೆಯುತ್ತಿಲ್ಲವೆಂದಾಗ ಎಂಜಿನ್ ಚಿಕ್ಕದೆಂದು ತೀರ್ಮಾನಿಸುವ ಮುನ್ನ ಅದು ತನ್ನ ಪೂರ್ಣ ಶಕ್ತಿಯನ್ನು ಕೊಡುತ್ತಿದೆಯೇ ಎಂದು ನೋಡಬೇಕು. ಗಣಿಧೂಳಿನ ನಮ್ಮ ರಸ್ತೆಗಳಲ್ಲಿ ಏರ್ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ. ಸವೆದ ನಾಜಲ್, ಜಾರುವ ಕ್ಲಚ್, ಬಿಡದೆ ಹಿಡಿದುಕೊಂಡ ಬ್ರೇಕ್ ಶೂ, ಗಾಳಿ ಕಡಿಮೆಯಾದ ಟೈರು ಇವೆಲ್ಲವೂ ಸೇರಿ ಶಕ್ತಿಯನ್ನು ಕದಿಯುತ್ತವೆ. ಇವನ್ನು ಸರಿಪಡಿಸುವ ಖರ್ಚು ಎಂಜಿನ್ ಬದಲಾವಣೆಯ ಖರ್ಚಿನ ಸಣ್ಣ ಅಂಶವಷ್ಟೇ.

ಎರಡನೆಯದಾಗಿ, ಎಂಜಿನ್ ಸವೆದಿದ್ದರೆ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬಹುದು. ಬದಲಿಸಲೇಬೇಕಾದರೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನನ್ನು ಖರೀದಿ ರಸೀದಿಯೊಡನೆ ತಂದು, ಕೂರಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಹೊಸ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಸೇರಿಸಿಕೊಳ್ಳಬೇಕು. ಅನಿಲ ಇಂಧನಕ್ಕೆ ಬದಲಾಯಿಸುವ ಅನುಮೋದಿತ ಕಿಟ್‌ಗಳಿಗೆ ಕಾಯ್ದೆಯೇ ಷರತ್ತುಬದ್ಧ ಅವಕಾಶ ಕೊಟ್ಟಿದೆ.

ಮೂರನೆಯದಾಗಿ, ಹೊರೆ ನಿತ್ಯವೂ ಹತ್ತು ಚೀಲ ಮೀರುತ್ತಿದ್ದರೆ ಅದು ವ್ಯಾಪಾರ ಬೆಳೆದಿರುವ ಲಕ್ಷಣ. ಅದಕ್ಕೆ ತಕ್ಕ ಗಾಡಿಗೆ ಹೋಗುವುದೇ ಸರಿ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡಿನ ದೋಸ್ತ್ ಗಾಡಿ ಸುಮಾರು ಒಂದೂ ಕಾಲು ಟನ್ ವರ್ಗದ್ದು. ಮಹೀಂದ್ರದ ಬೊಲೆರೊ ಪಿಕಪ್, 2019ರಲ್ಲಿ ಬಂದ ಟಾಟಾ ಇಂಟ್ರಾ ಮೊದಲಾದವೂ ಈ ಮಧ್ಯದ ಮೆಟ್ಟಿಲಿನಲ್ಲಿವೆ. ಕಾಗದಪತ್ರ ಸರಿಯಿರುವ ಹಳೆಯ ಪಿಕಪ್ ಕೂಡ ಮಾರ್ಪಡಿಸಿದ ಸಣ್ಣ ಗಾಡಿಗಿಂತ ಮೇಲು. ಅದನ್ನು ಮುಂದೆ ಮಾರಬಹುದು, ಅದರ ಮೇಲೆ ಸಾಲ ಪಡೆಯಬಹುದು. ಎಂಜಿನ್ ಬದಲಿಸಿದ ಗಾಡಿಯನ್ನು ಕೊನೆಗೆ ಗುಜರಿಯವನೇ ಕೊಳ್ಳಬೇಕು.

ಗ್ಯಾರೇಜು ನಡೆಸುವ ಸದಸ್ಯರಿಗೂ ಒಂದು ಮಾತು. ಗಿರಾಕಿ ಕೇಳಿದನೆಂದು ದೊಡ್ಡ ಎಂಜಿನ್ ಕೂರಿಸಿಕೊಟ್ಟರೆ ಒಂದು ಬಾರಿಯ ಕೂಲಿ ಸಿಗುತ್ತದೆ. ಅಪಘಾತವಾದ ದಿನ ಗಾಡಿಗೆ ಕೈಯಿಟ್ಟವರು ಯಾರೆಂಬ ಪ್ರಶ್ನೆ ಗ್ಯಾರೇಜಿನ ಬಾಗಿಲಿಗೂ ಬರುತ್ತದೆ. ನಾಜಲ್, ಕ್ಲಚ್, ಬ್ರೇಕುಗಳ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಟ್ಟರೆ ಅದೇ ಗಿರಾಕಿ ಆರು ತಿಂಗಳಿಗೊಮ್ಮೆ ಮರಳಿ ಬರುತ್ತಾನೆ. ಈ ಭಾಗದ ಮೇಸ್ತ್ರಿಗಳ ಕೈಚಳಕ ಸಣ್ಣದಲ್ಲ. ಆ ಚಳಕ ವ್ಯಯವಾಗಬೇಕಾದ ಜಾಗ ಇದು.

ಬಾಡಿಗೆ ಕೊಡುವ ವರ್ತಕರೂ ತಮ್ಮ ಪಾಲನ್ನು ಮರೆಯಬಾರದು. ಇಪ್ಪತ್ತು ಚೀಲವನ್ನು ಒಂದೇ ಸುತ್ತಿನಲ್ಲಿ ತರಬೇಕೆಂದು ಒತ್ತಾಯಿಸುವವರು ನಾವೇ. ಎರಡು ಸುತ್ತಿನ ಬಾಡಿಗೆಯನ್ನು ಸರಕಿನ ಬೆಲೆಯಲ್ಲಿ ಸೇರಿಸಿಕೊಂಡರೆ ಚೀಲಕ್ಕೆ ಬೀಳುವ ಹೆಚ್ಚಳ ಕೆಲವೇ ರೂಪಾಯಿ. ಸಂಡೂರಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದರೆ ತೆರಬೇಕಾದ ಬೆಲೆಯನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದು ಮುಗಿಸಲಾಗದು.