ಫ್ಲೋರಿಡಾದಲ್ಲಿ ಮನೆ, ಕಡಲಲ್ಲಿ ಹರಿಕೇನ್

ಫ್ಲೋರಿಡಾದಲ್ಲಿ ಮನೆ ತಗೊಂಡಿದ್ದೀರಾ? ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ ಅನ್ನೋದು ನಿಮಗೆ ಗೊತ್ತೇ ಇರುತ್ತೆ. ಹಲವರಿಗೆ ಗೊತ್ತಿಲ್ಲದ ವಿಷಯ ಬೇರೆ ಇದೆ. ಮಾಮೂಲಿ ಹೋಮ್ ಇನ್ಶೂರೆನ್ಸ್ ಪ್ರವಾಹದ ಹಾನಿಗೆ ದುಡ್ಡು ಕೊಡಲ್ಲ. ಗಾಳಿಗೆ ಚಾವಣಿ ಹಾರಿದ್ರೆ ಒಂದು ಪಾಲಿಸಿ, ಕಡಲ ನೀರು ಒಳಗೆ ನುಗ್ಗಿದ್ರೆ ಇನ್ನೊಂದು. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ಜಾರಿಗೆ ಬರೋದೇ ಕೊಂಡು 30 ದಿನ ಕಳೆದ ಮೇಲೆ. ಟಿವಿಯಲ್ಲಿ ಚಂಡಮಾರುತದ ನಕ್ಷೆ ಕಂಡಾಗ ಓಡಿದ್ರೆ ಏನೂ ಗಿಟ್ಟಲ್ಲ. 2022ರ ಹರಿಕೇನ್ ಇಯಾನ್‌ನಲ್ಲಿ ಫೋರ್ಟ್ ಮೈಯರ್ಸ್ ಬೀಚ್‌ನ ಮನೆಗಳನ್ನ ಕೊಚ್ಚಿಕೊಂಡು ಹೋಗಿದ್ದು ಉಕ್ಕಿಬಂದ ಸಮುದ್ರ.

ಹರಿಕೇನ್ ಡಿಡಕ್ಟಿಬಲ್ ಕೂಡ ನೋಡ್ಕೊಳ್ಳಿ. 4 ಲಕ್ಷ ಡಾಲರ್ ವಿಮೆಗೆ 2 ಪರ್ಸೆಂಟ್ ಅಂದ್ರೆ ಮೊದಲ 8,000 ಡಾಲರ್ ನಿಮ್ಮ ಜೇಬಿಂದಲೇ.

ಹರಿಕೇನ್ ಬರೋ ಮುಂಚೆ ಕಿಟಕಿಗೆ ಟೇಪ್ ಅಂಟಿಸೋದು ಬರೀ ಮನಸ್ಸಿನ ಸಮಾಧಾನ. ಶಟರ್ ಇಲ್ಲವೇ ದಪ್ಪ ಪ್ಲೈವುಡ್ ಬೇಕು. ಎಲ್ಲರೂ ಮರೆಯೋದು ಗ್ಯಾರೇಜ್ ಬಾಗಿಲು. ಅದು ಮುರಿದ್ರೆ ಒಳನುಗ್ಗಿದ ಗಾಳಿ ಚಾವಣಿಯನ್ನ ಕೆಳಗಿಂದಲೇ ಎತ್ತಿಬಿಡುತ್ತೆ.

ಗಾಳಿ ನಿಂತಿತು, ಕರೆಂಟ್ ಇಲ್ಲ. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ ಇರಲಿ. ಅದರ ಹೊಗೆಯಲ್ಲಿರೋ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ನೆಂದ ಕಾರ್ಪೆಟ್ ಎಸೆಯೋ ಮುಂಚೆ ವಿಮೆ ಕ್ಲೇಮ್‌ಗೆ ಫೋಟೊ ತೆಗೀರಿ, ಗೋಡೆ ಮೇಲಿನ ನೀರಿನ ಗುರುತೂ ಬರಲಿ. ಹಾಗಂತ ತಡ ಮಾಡಬೇಡಿ, ಒಂದೆರಡು ದಿನದಲ್ಲೇ ಬೂಸ್ಟು ಹಿಡಿಯುತ್ತೆ.

ಇನ್ನು, "ನಾಳೆಯೇ ಚಾವಣಿ ಹಾಕ್ತೀವಿ, ಇಲ್ಲಿ ಸಹಿ ಮಾಡಿ" ಅಂತ ಬಾಗಿಲು ತಟ್ಟೋರು ಬಂದೇ ಬರ್ತಾರೆ. ಲೈಸೆನ್ಸ್ ನಂಬರ್ ಕೇಳಿ, ರಾಜ್ಯದ ವೆಬ್‌ಸೈಟ್‌ನಲ್ಲಿ ತಾಳೆ ನೋಡಿ. ಅಲ್ಲಿಯವರೆಗೆ ಸಹಿ ಹಾಕಬೇಡಿ.